ಮೂರನೇ ಬಟನ್

ಪುಂತಾ ಲೊಬೆರಾ,
ಮೇ 4

ಒಫೇಲಿಯಾ,

ಈ ಪತ್ರ ನೋಡಿ ನಿನಗೆ ಆಶ್ಚರ್ಯವಾದರೆ ಆಗಲಿ. ಬರೆಯುವ ಆಸೆ ನನಗಿರಲಿಲ್ಲ, ಮೀನುಗಾರರ ಸಂಘದವರು ಬರೆಸುತ್ತಿದ್ದಾರೆ. ಅಧ್ಯಕ್ಷ ದೋನ್ ಇಪೋಲಿತೊ "ತಂಗಿಗೆ ಒಂದು ಫೋನ್ ಮಾಡಮ್ಮ" ಅಂದರು. "ಫೋನಲ್ಲಿ ನಮ್ಮಿಬ್ರಿಗೂ ಮೂರನೇ ಮಾತಿಗೆ ಜಗಳ ಹತ್ಕೊಳುತ್ತೆ, ಬರೆದ್ರೆ ಒಂದು ಹಾಳೆಯಾದ್ರೂ ದಾಟುತ್ತೆ" ಅಂದೆ. ಮಾಂಟೆವಿಡಿಯೊ ಬಸ್ಸಿನ ಡ್ರೈವರ್ ವಾಶಿಂಗ್ತೊನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು.

ನೀನು ಬರೆದುಕೊಟ್ಟ ಪ್ರೋಗ್ರಾಮ್ ಕೈಕೊಡುತ್ತಿದೆ. ಫೆಬ್ರವರಿಯಲ್ಲಿ ಸಂಘದವರು ಕಂಪ್ಯೂಟರಿಗೆ ದೊಡ್ಡ ಬ್ಯಾಟರಿ ಹಾಕಿಸಿದರು. ಈಗ ಕರೆಂಟು ಹೋದರೂ ಅದು ಆರುವುದಿಲ್ಲ. ಇನ್ನು ನಿಶ್ಚಿಂತೆ ಅಂದುಕೊಂಡೆವು, ಕಾಟ ಶುರುವಾದದ್ದೇ ಆಮೇಲೆ. ಕೆಲವು ವಾರ ಚೆನ್ನಾಗಿ ಓಡುತ್ತದೆ, ನಂತರ ತೆವಳುತ್ತದೆ, ಕೊನೆಗೆ ಸ್ಕ್ರೀನಿನ ಮೇಲಿನ ದೋಣಿಗಳೆಲ್ಲ ನಿಂತಲ್ಲೇ ನಿಂತುಬಿಡುತ್ತವೆ. ಗಾಳಿ ಎದ್ದಾಗ 'ತಕ್ಷಣ ಬಂದರಿಗೆ ಮರಳಿ' ಎಂದು ಕಳಿಸಿದರೆ ದೋಣಿಗೆ ತಲುಪುವುದು ಎಷ್ಟೋ ಹೊತ್ತಿನ ಮೇಲೆ. ಆರಿಸಿ ಹಾಕಿದರೆ ಮತ್ತೆ ಸರಿ. ರೋಚಾ ಪಟ್ಟಣದ ರಿಪೇರಿಯವನು ಬಂದು, ಮುಚ್ಚಳ ತೆಗೆದು ಧೂಳು ಊದಿ, "ಮೆಮೊರಿ ತುಂಬ್ಕೊಂಡಿದೆ" ಅಂದು, ಎರಡು ಕೊರ್ವಿನಾ ಮೀನು ಕಟ್ಟಿಸಿಕೊಂಡು ಹೋದ.

ಅಂದು ಸಭೆಯಲ್ಲಿ ಜಂಬ ಕೊಚ್ಚಿದವಳು ನೀನೇ ಅಲ್ಲವೇ? "ಈ ಭಾಷೇಲಿ ಬರೆದ್ರೆ ಕಸ ಅದೇ ಗುಡಿಸ್ಕೊಳುತ್ತೆ, ನಾವು ತಲೆ ಕೆಡಿಸ್ಕೊಳೋದೇ ಬೇಡ" ಅಂದಿದ್ದೆ. ಎಲ್ಲಿ ಗುಡಿಸಿದೆ? ಜೂನ್ ಬಂದರೆ ಆಗ್ನೇಯದ ಬಿರುಗಾಳಿ ಕಾಲ. ನನ್ನ ಗಂಡ ಎಲ್ಬಿಯೊ ಕಡಲಿನಿಂದ ಬಾರದ ಆ ಚಳಿಗಾಲದಿಂದ ರೇಡಿಯೊ ಕೋಣೆಯಲ್ಲಿ ಕೂರುವವಳು ನಾನೇ. ಯಾರಿಗಾದರೂ ಏನಾದರೂ ಆದರೆ ಅವರ ಹೆಂಡತಿ ಬಂದು ನಿಲ್ಲುವುದು ನನ್ನ ಎದುರಿಗೆ.

ಮಿರ್ತಾ
ರೇಡಿಯೊ ಕೋಣೆ, ಮೀನುಗಾರರ ಸಹಕಾರ ಸಂಘ


ಮಾಂಟೆವಿಡಿಯೊ,
ಮೇ 11

ಅಕ್ಕಾ,

ಕವರಿನ ಮೇಲೆ ನಿನ್ನ ಕೈಬರಹ ನೋಡಿ ಬಸ್ ನಿಲ್ದಾಣದ ಬೆಂಚಿನ ಮೇಲೇ ಕೂತು ಓದಿದೆ. ವಾಶಿಂಗ್ತೊನ್ ಗಾಬರಿಯಾಗಿ "ಏನಮ್ಮಾ, ಊರಲ್ಲಿ ಯಾರಾದ್ರೂ ಹೋದ್ರಾ?" ಅಂದ. "ಇಲ್ಲಪ್ಪ, ನಮ್ಮಕ್ಕ ಬೈದು ಬರೆದಿದಾಳೆ" ಅಂದೆ. ಮೂರು ವರ್ಷದ ಮೇಲೆ ನೀನು ಬೈದರೂ ಸಂತೋಷವೇ ಆಯಿತು.

ಜಂಬ ಕೊಚ್ಚಿದ್ದು ನಿಜ, ಹೇಳಿದ್ದು ಅರ್ಧ ಮಾತ್ರ ನಿಜ. ಕಸ ಅದೇ ಗುಡಿಸಿಕೊಳ್ಳುತ್ತದೆ. ಆದರೆ ಯಾವುದು ಕಸ ಎಂದು ಅದಕ್ಕೆ ತಿಳಿಯುವ ಬಗೆ ಒಂದೇ. ನೀನು ವರ್ಷಗಟ್ಟಲೆ ಗಾಳಗಳಿಗೆ ಎರೆ ಸಿಕ್ಕಿಸಿದವಳು, ಹೀಗೆ ಹೇಳಿದರೆ ತಿಳಿದೀತು. ದೊಡ್ಡ ಹಗ್ಗ ಹಿಡಿದು ಎಳೆದರೆ ಅದಕ್ಕೆ ಕಟ್ಟಿದ ಸಣ್ಣ ದಾರ, ದಾರಕ್ಕೆ ಕಟ್ಟಿದ ಗಾಳ, ಎಲ್ಲ ಒಂದರ ಹಿಂದೆ ಒಂದು ಬರುತ್ತದಲ್ಲ? ಹಾಗೆ ಕೈಗೆ ಬಂದದ್ದನ್ನು ಅದು ಮುಟ್ಟುವುದಿಲ್ಲ. ಯಾವುದಕ್ಕೂ ಕಟ್ಟಿರದೆ ನೆಲದ ಮೇಲೆ ಬಿದ್ದದ್ದನ್ನು ಮಾತ್ರ ಗುಡಿಸುತ್ತದೆ. ಆ ಗಾಳ ನಮಗೆ ಇನ್ನೂ ಬೇಕೇ ಎಂದು ಅದು ಕೇಳುವುದಿಲ್ಲ. ಬೇಡವಾದ ಮೇಲೂ ನಾವು ಗಂಟು ಬಿಚ್ಚದೆ ಮರೆತಿದ್ದರೆ ಅದು ಅಲ್ಲೇ ಉಳಿಯುತ್ತದೆ. ಅದಕ್ಕೆ ಇನ್ನೊಂದು ಸೇರುತ್ತದೆ, ಮತ್ತೊಂದು ಸೇರುತ್ತದೆ, ಕೊನೆಗೆ ಕಾಲಿಡಲು ಜಾಗವಿರುವುದಿಲ್ಲ.

ಬ್ಯಾಟರಿಯ ವಿಷಯ ಬರೆದದ್ದು ಒಳ್ಳೆಯದಾಯಿತು. ರೋಗ ಮೊದಲೂ ಇತ್ತು ಅನ್ನಿಸುತ್ತದೆ. ಕರೆಂಟು ಹೋದಾಗಲೆಲ್ಲ ಮೆಮೊರಿ ಖಾಲಿಯಾಗಿ ನಿಮಗೆ ಕಾಣಿಸುತ್ತಿರಲಿಲ್ಲ ಅಷ್ಟೇ. ನನಗೆ ಅನುಮಾನ ದೋಣಿಗಳ ನಕ್ಷೆಯ ಮೇಲೆ. ಅದನ್ನು ತೆರೆದಾಗಲೆಲ್ಲ ಒಂದು ಗಂಟು ಬೀಳುತ್ತದೆ, ಮುಚ್ಚಿದಾಗ ಬಿಚ್ಚಿಕೊಳ್ಳದಿದ್ದರೆ ಹೀಗಾಗುತ್ತದೆ. ನೋಡದೆ ಹೇಳಲಾರೆ. ಆರಿಸಿ ಹಾಕಿದ ಮೇಲೆ ಒಮ್ಮೆ, ಕೆಲವು ದಿನ ಬಿಟ್ಟು ಇನ್ನೊಮ್ಮೆ, ಮೆಮೊರಿ ಪೂರ್ತಿಯನ್ನು ಪೆನ್‌ಡ್ರೈವಿಗೆ ಇಳಿಸಿ ಕಳಿಸು. ಎರಡನ್ನೂ ಹೋಲಿಸಿದರೆ ಬೆಳೆದದ್ದು ಯಾವುದು ಎಂದು ಸಿಕ್ಕಿಬೀಳುತ್ತದೆ. ಹೇಗೆ ಇಳಿಸುವುದು ಎಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅಲ್ಲಿಯವರೆಗೆ ದಿನಾ ಬೆಳಗ್ಗೆ ದೋಣಿಗಳು ಹೊರಡುವ ಮೊದಲು ಒಮ್ಮೆ ಆರಿಸಿ ಹಾಕು.

ನಿನ್ನ ಮಂಡಿ ನೋವು ಹೇಗಿದೆ? ಆ ಕೋಣೆಯಲ್ಲಿ ಚಳಿಗೆ ಏನು ಮಾಡುತ್ತೀ?

ಒಫೇಲಿಯಾ


ಪುಂತಾ ಲೊಬೆರಾ,
ಮೇ 30

ಒಫೇಲಿಯಾ,

ಪೆನ್‌ಡ್ರೈವ್ ಇಟ್ಟಿದ್ದೇನೆ. ಎರಡೂ ಅದರಲ್ಲೇ ಇವೆ. ಮಂಡಿ ಇದ್ದಲ್ಲೇ ಇದೆ.

ದಿನಾ ಆರಿಸು ಅಂದಿದ್ದೆ. ನಾನು ಆರಿಸಲಿಲ್ಲ. ಆರಿಸಿದರೆ ಕೋಣೆ ಸುಮ್ಮನಾಗಿಬಿಡುತ್ತದೆ, ಅದು ನನಗೆ ಆಗುವುದಿಲ್ಲ. ನಾಳೆ ಆರಿಸಿದರಾಯಿತು ಎಂದು ತಳ್ಳುತ್ತಾ ಹೋದೆ.

ಮಂಗಳವಾರ ಮಧ್ಯಾಹ್ನ ಗಾಳಿ ತಿರುಗಿತು. ಎಲ್ಲರಿಗೂ ಎಚ್ಚರಿಕೆ ಕಳಿಸಿದೆ. ಸ್ಕ್ರೀನ್ ಅಲುಗದೆ ಕೂತಿತ್ತು, ಹೋಯಿತೋ ಇಲ್ಲವೋ ತಿಳಿಯಲಿಲ್ಲ. ದೂರ ಇದ್ದದ್ದು ಕ್ಲೆಮೆಂತೆ ಒಬ್ಬನೇ. ಎಲ್ಬಿಯೊ ಜೊತೆ ಒಂದೇ ದೋಣಿಯಲ್ಲಿ ಅಷ್ಟು ವರ್ಷ ದುಡಿದು, ಅವನು ಕೊನೆಯ ಸಲ ಹೊರಟ ದಿನ ಮಾತ್ರ ಜ್ವರ ಬಂದು ಮನೆಯಲ್ಲಿ ಉಳಿದವನು. ಅವನಿಗೆ ಸುದ್ದಿ ಮುಟ್ಟುವಾಗ ಅಲೆ ದೋಣಿಯೊಳಗೆ ಬಂದಾಗಿತ್ತು. ಕತ್ತಲಾಗುವ ಹೊತ್ತಿಗೆ ಹೇಗೋ ದಡ ಸೇರಿದ. ಮನೆಗೂ ಹೋಗದೆ ನೀರು ಸುರಿಸಿಕೊಂಡು ನೇರ ನನ್ನ ಕೋಣೆಗೆ ಬಂದ.

"ಏನ್ ಮಿರ್ತಾ, ನನ್ನನ್ನೂ ಅವನ ಹತ್ರಾನೇ ಕಳಿಸ್ಬೇಕು ಅಂತ ಮಾಡಿದೀಯಾ?" ಅಂದ.

ಅಂದವನೇ ನಾಲಿಗೆ ಕಚ್ಚಿಕೊಂಡ. "ಒಂದು ಒಣ ಟವಲ್ ಇದ್ರೆ ಕೊಡು" ಅಂದ. ಕೊಟ್ಟೆ. ತಲೆ ಒರೆಸಿಕೊಂಡು ಹೋದ.

ಬೇಗ ಹುಡುಕು.

ಮಿರ್ತಾ


ಮಾಂಟೆವಿಡಿಯೊ,
ಜೂನ್ 9

ಅಕ್ಕಾ,

ಇದನ್ನು ಬರೆದು ಹರಿದು, ಬರೆದು ಹರಿದು, ಕೊನೆಗೆ ಇದ್ದಂತೆಯೇ ಬರೆಯುತ್ತಿದ್ದೇನೆ.

ಎರಡನ್ನೂ ಹೋಲಿಸಿದೆ. ತಪ್ಪು ನಕ್ಷೆಯದಲ್ಲ. ಉಳಿದೆಲ್ಲ ಇದ್ದಷ್ಟೇ ಇವೆ, ಬೆಳೆದಿರುವುದು ಒಂದೇ ಒಂದು ದೋಣಿಯ ಪಯಣದ ದಾಖಲೆ. 'ಲಾ ಪೊರ್ಫಿಯಾದಾ'. ಎಲ್ಬಿಯೊ ತನ್ನ ದೋಣಿಗೆ ಹಟಮಾರಿ ಎಂದು ಹೆಸರಿಟ್ಟಾಗ ನಿನ್ನನ್ನು ನೋಡಿಕೊಂಡೇ ಇಟ್ಟ ಎಂದು ನಾವೆಲ್ಲ ನಕ್ಕಿದ್ದೆವು.

ಆ ಮಧ್ಯಾಹ್ನ ಅವನಿಗೆ ಕಳಿಸಿದ 'ತಕ್ಷಣ ಬಂದರಿಗೆ ಮರಳಿ' ಎಂಬ ಕರೆಗೆ ಉತ್ತರ ಬಂದಿಲ್ಲ. ದೋಣಿಯವನು ತನ್ನ ಪೆಟ್ಟಿಗೆಯ ಹಸಿರು ಬಟನ್ ಒತ್ತುವವರೆಗೆ ನಿಮಿಷಕ್ಕೊಮ್ಮೆ ಮತ್ತೆ ಕರೆ ಎಂದು ನಾನು ಬರೆದಿದ್ದೆ. ಪ್ರತಿ ಸಲವೂ ಹೊಸದೊಂದು ಪ್ರತಿ ಹುಟ್ಟುತ್ತದೆ, ಹಿಂದೆಯೇ ಒಂದು ಹವಾಮಾನದ ಚಿತ್ರ. ಎಲ್ಲವೂ ಆ ಪಯಣಕ್ಕೆ ಕಟ್ಟಿಕೊಂಡಿವೆ. ಪಯಣ ಮುಗಿಯದೆ ಯಾವುದೂ ಕಳಚುವುದಿಲ್ಲ. ಆರಿಸಿ ಹಾಕಿದರೆ ಒಮ್ಮೆ ಖಾಲಿಯಾಗಿ, ಮುಗಿಯದ ಪಯಣವನ್ನು ಡಿಸ್ಕಿನಿಂದ ಓದಿಕೊಂಡು ಮತ್ತೆ ಮೊದಲಿನಿಂದ ಕರೆಯಲು ಶುರು. ಅಕ್ಕಾ, ಒಂದೇ ಮಾತು ಸಾವಿರಗಟ್ಟಲೆ ಸಲ ಸಾಲಾಗಿ ನಿಂತಿರುವುದನ್ನು ನೋಡುತ್ತಾ ಆಫೀಸಿನಲ್ಲಿ ಅತ್ತುಬಿಟ್ಟೆ.

ಇದಕ್ಕೊಂದು ಬಟನ್ ಇರಬೇಕಿತ್ತು. ನಿನಗೂ ನೆನಪಿರಬಹುದು, ಸಭೆಯಲ್ಲಿ ಸ್ಕ್ರೀನಿನ ಮೇಲೆ ಮೂರು ಬಟನ್ ಎಂದೆ. ಹೊರಟಿತು, ಮರಳಿತು, ಮರಳಲಿಲ್ಲ. ದೋನ್ ಇಪೋಲಿತೊ ಎದ್ದು ನಿಂತರು. "ಮೂರನೇದು ಯಾಕಮ್ಮಾ? ಬಾಗಿಲು ಇಟ್ರೆ ಯಾರಾದ್ರೂ ಒಳಗೆ ಬರೋರೇ" ಅಂದರು. ಕೆಟ್ಟದ್ದು ತಾಗದಿರಲಿ ಎಂದು ಮುದುಕರೆಲ್ಲ ಮರ ಮುಟ್ಟಿಕೊಂಡರು, ಎಲ್ಬಿಯೊ ಮೇಜಿನಡಿ ತಟ್ಟಿದ. ನಾನೂ ಈ ಕರಾವಳಿಯಲ್ಲಿ ಹುಟ್ಟಿದವಳೇ, ಸುಮ್ಮನೆ ತೆಗೆದುಬಿಟ್ಟೆ.

ಈಗ ಇರುವುದು ಒಂದೇ ದಾರಿ. ಆ ಪಯಣಕ್ಕೆ 'ಮರಳಿತು' ಒತ್ತಬೇಕು. ಪೆನ್‌ಡ್ರೈವಿನಲ್ಲಿ ನಾನೇ ಮಾಡಿ ಕಳಿಸಬಲ್ಲೆ, ನೀನು ಹೂಂ ಅನ್ನದೆ ಮಾಡುವುದಿಲ್ಲ. ಕ್ಲೆಮೆಂತೆಯ ಮುಖ ನೆನಪಿಸಿಕೋ.

ಒಫೇಲಿಯಾ


ಪುಂತಾ ಲೊಬೆರಾ,
ಜೂನ್ 12

ಅವನು ಕಾಣೆಯಾದ ಒಂಬತ್ತನೇ ದಿನವೂ ಇದನ್ನೇ ಹೇಳಿದ್ದೆ ನೀನು. ಹೆಲಿಕಾಪ್ಟರ್ ಇನ್ನೂ ಹುಡುಕುತ್ತಿತ್ತು. ನನ್ನ ಅಡುಗೆಮನೆಯಲ್ಲಿ ಕೂತು, ನಾನು ಸೋರೆ ಬುರುಡೆಯಲ್ಲಿ ಕೊಟ್ಟ ಯೆರ್ಬಾ ಕಷಾಯ ಹೀರುತ್ತಾ, "ಮರಳಿತು ಒತ್ತಿಬಿಡೋಣ ಅಕ್ಕಾ, ಪಟ್ಟಿ ಗೊಂದಲ ಆಗುತ್ತೆ" ಅಂದೆ. ನಾನು ಬುರುಡೆ ಕಿತ್ತುಕೊಂಡು ಎಸೆದೆ. ನಿನ್ನ ತಲೆಗೆ ತಾಗಲಿಲ್ಲ, ನಿನ್ನ ಪುಣ್ಯ.

ಅವನು ಮರಳಿಲ್ಲ. ಮರಳಿದ ಅಂತ ನಾನು ಒತ್ತಬೇಕೇ? ದಡದಲ್ಲಿ ನಿಂತು ಅಷ್ಟು ದಿನ ಕಾದವಳು?

ಸಾವಿರಗಟ್ಟಲೆ ಕರೆ ನೋಡಿ ಅತ್ತೆಯಂತೆ. ನಾನು ಅದನ್ನು ಕೇಳಿಸಿಕೊಳ್ಳುತ್ತಾ ಮೂರು ವರ್ಷ ಕೂತಿದ್ದೇನೆ. ನಿಮಿಷಕ್ಕೊಮ್ಮೆ ರೇಡಿಯೊ ಪೆಟ್ಟಿಗೆಯಲ್ಲಿ ಟಿಕ್ ಅನ್ನುತ್ತದೆ. ಏನದು ಎಂದು ಮೊದಲ ವಾರವೇ ತಿಳಿದುಕೊಂಡೆ. ಊರಲ್ಲಿ ಅವನ ಹೆಸರೆತ್ತುವವರಿಲ್ಲ. ಎದುರು ಬಂದರೆ ಹವಾಮಾನ ಮಾತಾಡುತ್ತಾರೆ. ಅವನನ್ನು ಇನ್ನೂ ಮನೆಗೆ ಬಾ ಎಂದು ಕರೆಯುತ್ತಿರುವುದು ಅದೊಂದೇ.

ಕ್ಲೆಮೆಂತೆಯ ಮುಖ ನೀನು ನನಗೆ ನೆನಪಿಸಬೇಕಿಲ್ಲ. ಈಗ ದಿನಾ ಬೆಳಗ್ಗೆ ಆರಿಸುತ್ತೇನೆ. ಆರಿಸಿ, ಅದು ಮತ್ತೆ ಶುರುವಾಗುವವರೆಗೆ ಹೊರಗೆ ಹೋಗಿ ನಿಲ್ಲುತ್ತೇನೆ.

ಮಿರ್ತಾ


ಮಾಂಟೆವಿಡಿಯೊ,
ಜೂನ್ 27

ಅಕ್ಕಾ,

ಕರೆ ನಿಲ್ಲಿಸಬೇಕಾಗಿಲ್ಲ.

ಇದರ ಜೊತೆ ಇರುವ ಪೆನ್‌ಡ್ರೈವ್ ಹಾಕು. ಇನ್ನು ಮೇಲೆ ನಿಮಿಷಕ್ಕೊಂದು ಹೊಸ ಪ್ರತಿ ಹುಟ್ಟುವುದಿಲ್ಲ. ಒಂದೇ ಪ್ರತಿ ಇರುತ್ತದೆ, ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಹವಾಮಾನದ ಚಿತ್ರವೂ ಕೊನೆಯದೊಂದೇ ಉಳಿಯುತ್ತದೆ, ಹಳೆಯದರ ಗಂಟು ಬಿಚ್ಚಿಬಿಡುತ್ತೇನೆ. ನಕ್ಷೆಯನ್ನೂ ಹಾಗೇ ಬಿಡಲಿಲ್ಲ, ಮುಚ್ಚಿದಾಗ ಅದು ತನ್ನ ಗಂಟನ್ನು ತಾನೇ ಕಳಚಿಕೊಳ್ಳುತ್ತದೆ. ಕಂಪ್ಯೂಟರನ್ನು ಇನ್ನು ದಿನಾ ಆರಿಸಬೇಡ. ಟಿಕ್ ಅನ್ನುವುದು ಹಾಗೇ ಇರುತ್ತದೆ.

ಕೆಲಸ ಬಲ್ಲ ಯಾರಿಗಾದರೂ ಇದು ಅರ್ಧ ದಿನದ ಕೆಲಸ. ಪ್ರತಿಗಳನ್ನು ಗುಡ್ಡೆ ಹಾಕಿದ್ದು ನನ್ನ ಪ್ರೋಗ್ರಾಮ್. ಅದನ್ನು ಸರಿಮಾಡುವುದು ಬಿಟ್ಟು ನಾನು ನಿನ್ನ ಗಂಡನನ್ನು ಮುಗಿಸಲು ಹೊರಟೆ. ಒಂಬತ್ತನೇ ದಿನವೂ ಅಷ್ಟೇ. ನಿನ್ನ ಪಕ್ಕ ಸುಮ್ಮನೆ ಕೂರಬೇಕಿತ್ತು. ಕೂರಲು ನನಗೆ ಬರಲಿಲ್ಲ, ಕೈಗೆ ಸಿಕ್ಕಿದ ಕೆಲಸ ಹಿಡಿದುಕೊಂಡೆ. ತುಂಬ ನೋವಾಗುತ್ತದೆ ಅಕ್ಕಾ, ನೆನೆಸಿಕೊಂಡರೆ.

ನಿನ್ನ ತಂಗಿ
ಒಫೇಲಿಯಾ


ಪುಂತಾ ಲೊಬೆರಾ,
ಆಗಸ್ಟ್ 21

ಒಫೇಲಿಯಾ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಮುನಿಸು ಕಾರಣವಲ್ಲ. ಬುತಿಯಾ ಹಣ್ಣಿನ ಜಾಮ್ ಕಳಿಸಿದ್ದೇನೆ, ವಾಶಿಂಗ್ತೊನ್ ದಾರಿಯಲ್ಲಿ ನೆಕ್ಕದಿದ್ದರೆ ನಿನಗೂ ಸಿಕ್ಕೀತು.

ಯಂತ್ರ ಚೆನ್ನಾಗಿದೆ. ಜುಲೈಯಲ್ಲಿ ದೊಡ್ಡ ಗಾಳಿಯೇ ಎದ್ದಿತು. ಎಲ್ಲರಿಗೂ ಸುದ್ದಿ ತಕ್ಷಣ ಮುಟ್ಟಿತು, ಎಲ್ಲರೂ ಬಂದರು. ಕ್ಲೆಮೆಂತೆ ಎಲ್ಲರಿಗಿಂತ ಮೊದಲು ಬಂದು "ಇವತ್ತು ಟವಲ್ ಬೇಡ" ಎಂದು ಕಿಟಕಿಯಲ್ಲಿ ಹಲ್ಲು ಕಿರಿದು ಹೋದ. ದೋನ್ ಇಪೋಲಿತೊ ನಿನ್ನನ್ನು ಹೊಗಳುತ್ತಿದ್ದಾರೆ. ಅವರು ಹೊಗಳಿದರೆ ಏನೋ ಕೆಲಸ ಬಾಕಿ ಇದೆ ಎಂದೇ ಲೆಕ್ಕ.

ಈಗ ನನ್ನ ಸಂಕಟ ಕೇಳು. ಯಂತ್ರ ಕೆಡುತ್ತಿದ್ದಾಗ ಒಳಗೊಳಗೇ ಒಂದು ಧೈರ್ಯವಿತ್ತು. ಒಂದು ದಿನ ಯಾರಾದರೂ ಬಂದು "ಸಾಕಮ್ಮಾ, ಬೇರೆಯವರ ಜೀವ ಹೋಗುತ್ತೆ" ಎಂದು ಕೈ ಹಿಡಿದು ನಿಲ್ಲಿಸುತ್ತಾರೆ, ನಾನು ಕೂಗಾಡುತ್ತೇನೆ, ಅವರನ್ನು ಶಪಿಸುತ್ತೇನೆ, ಹಾಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ನೀನು ಎಷ್ಟು ಚೆನ್ನಾಗಿ ಸರಿಮಾಡಿದ್ದೀ ಎಂದರೆ ಅದರಿಂದ ಈಗ ಯಾರಿಗೂ ತೊಂದರೆಯಿಲ್ಲ. ನಾನು ಸತ್ತ ಮೇಲೂ ಅದು ಕರೆಯುತ್ತಿರಬಹುದು. ಯಾರೂ ನಿಲ್ಲಿಸು ಅನ್ನುವುದಿಲ್ಲ. ನಾನೇ ಅನ್ನಬೇಕು.

ಕಳೆದ ವಾರ ಕೇಳಿಸಿಕೊಳ್ಳುತ್ತಾ ಕೂತಿದ್ದೆ. ಎಷ್ಟು ಬೇಸರದಿಂದ ಕರೆಯುತ್ತದೆ ಅದು! ಎಲ್ಬಿಯೊನನ್ನು ಹಾಗೆ ಯಾರೂ ಕರೆದಿರಲಿಲ್ಲ. ನಾನು ಕರೆದರೆ ಬೀದಿ ಕೊನೆಗೆ ಕೇಳಿಸುತ್ತಿತ್ತು, ಬರುವಾಗ ಈರುಳ್ಳಿ ತಾ ಅಂತಲೂ ಸೇರಿಸುತ್ತಿದ್ದೆ. ಅವನು ಇನ್ನು ಬರುವುದಿಲ್ಲ ಒಫೇಲಿಯಾ. ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ.

ಆ ಮೂರನೇ ಬಟನ್ ಮಾಡಿಕೊಡು. ಸುಳ್ಳು ಒತ್ತಲಾರೆ, ನಿಜವಾದರೆ ಒತ್ತುತ್ತೇನೆ. ಬಸ್ಸಿನಲ್ಲಿ ಕಳಿಸಬೇಡ, ನೀನೇ ತೆಗೆದುಕೊಂಡು ಬಾ. ಶನಿವಾರ, ಸೆಪ್ಟೆಂಬರ್ ಒಂದು. ಆವತ್ತು ಯಾರೂ ಕಡಲಿಗೆ ಹೋಗುವುದಿಲ್ಲ. ನೀನು ಏನೂ ಹೇಳಬೇಕಾಗಿಲ್ಲ, ಪಕ್ಕದಲ್ಲಿ ಕೂತಿದ್ದರೆ ಸಾಕು. ಒಬ್ಬಳಿಗೇ ಭಯವಾಗುತ್ತದೆ.

ನಿನ್ನ ಅಕ್ಕ
ಮಿರ್ತಾ


ರೋಚಾ ಬಸ್ ನಿಲ್ದಾಣ,
ಸೆಪ್ಟೆಂಬರ್ 1

ಅಕ್ಕಾ,

ಮಾಂಟೆವಿಡಿಯೊದಿಂದ ಇಲ್ಲಿಯವರೆಗೆ ಬಂದಿದ್ದೇನೆ. ನಿನ್ನ ಊರಿಗೆ ಇನ್ನು ಸ್ವಲ್ಪವೇ ದಾರಿ. ವಾಶಿಂಗ್ತೊನ್ ಒಳಗೆ ಊಟಕ್ಕೆ ಕೂತಿದ್ದಾನೆ. ಬಸ್ಸಿನಿಂದ ಇಳಿದು ಹೊರಗೆ ನಿಂತೆ, ಮತ್ತೆ ಹತ್ತಲು ಕಾಲು ಬರುತ್ತಿಲ್ಲ.

ಬಟನ್ ಆಗಿದೆ, ಪೆನ್‌ಡ್ರೈವ್ ಇದರಲ್ಲೇ ಇದೆ. ಅದನ್ನು ಒತ್ತಿದರೆ ಆ ಪಯಣ ಮುಗಿಯುತ್ತದೆ, ಕರೆ ಕಳಚಿಕೊಳ್ಳುತ್ತದೆ, ಉಳಿದದ್ದನ್ನು ಯಂತ್ರ ತನ್ನ ಹೊತ್ತಿಗೆ ಗುಡಿಸಿಕೊಳ್ಳುತ್ತದೆ. ಬಟನ್ ಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ. 'ಮರಳಲಿಲ್ಲ' ಎಂದು ಬರೆದೆ, ಅಳಿಸಿದೆ. ಖಾಲಿ ಬಿಟ್ಟಿದ್ದೇನೆ, ನೀನು ಟೈಪು ಮಾಡಿದ್ದು ಅಲ್ಲಿ ಕೂರುತ್ತದೆ.

ಬಸ್ಸಿನಲ್ಲಿ ಇಡೀ ದಾರಿ ನಿನ್ನ ಅಡುಗೆಮನೆಯೇ ಕಣ್ಣ ಮುಂದೆ. ನಿನ್ನ ಪಕ್ಕ ಕೂತರೆ ಸಾಕು ಅಂದಿದ್ದೀ. ಒಮ್ಮೆ ಕೂತಾಗ ಏನು ಮಾಡಿದೆ ಎಂದು ನಿನಗೂ ಗೊತ್ತು. ಮತ್ತೆ ನನ್ನ ಬಾಯಿಂದ ಏನಾದರೂ ಬಂದುಬಿಟ್ಟರೆ?

ವಾಶಿಂಗ್ತೊನ್ ಎದ್ದ, ಕೈ ತೊಳೆಯುತ್ತಿದ್ದಾನೆ. "ಹತ್ತಮ್ಮಾ, ಹೊತ್ತಾಯ್ತು" ಅನ್ನುತ್ತಿದ್ದಾನೆ.

ಒಫೇಲಿಯಾ


ಪುಂತಾ ಲೊಬೆರಾ,
ಸೆಪ್ಟೆಂಬರ್ 2

ಒಫೇಲಿಯಾ,

ಬಸ್ಸಿನಿಂದ ಪತ್ರ ಇಳಿಯಿತು, ನೀನು ಇಳಿಯಲಿಲ್ಲ. ವಾಶಿಂಗ್ತೊನ್ ಕವರು ಕೊಟ್ಟು, ತನ್ನದೇ ತಪ್ಪು ಎಂಬಂತೆ ಟೋಪಿ ತಿರುಗಿಸುತ್ತಾ ನಿಂತಿದ್ದ. "ಹತ್ತಿಸೋಕೆ ನೋಡ್ದೆ ಮಿರ್ತಾ. ವಾಪಸ್ ಹೋಗೋ ಬಸ್ಸಲ್ಲಿ ಹೋಗಿ ಕೂತ್ಬಿಟ್ಳು" ಅಂದ. ನಿನಗಾಗಿ ಕಡಲಪಾಚಿಯ ವಡೆ ಕರಿದಿದ್ದೆ, ಅವನಿಗೇ ತಿನ್ನಿಸಿದೆ.

ಇನ್ನೊಂದು ದಿನ ಎಂದು ತಳ್ಳಿದರೆ ಮತ್ತೆಂದೂ ಆಗದು ಅನ್ನಿಸಿತು. ಕ್ಲೆಮೆಂತೆಯನ್ನು ಕರೆದೆ. ದೋನ್ ಇಪೋಲಿತೊ ಕರೆಯದೆಯೇ ಬಂದರು. ಪೆನ್‌ಡ್ರೈವ್ ಹಾಕಿದೆ. ಖಾಲಿ ಬಟನ್ ಬಂತು. ಏನು ಬರೆಯಲಿ ಎಂದೆ. ಮುದುಕರು ಸ್ಕ್ರೀನಿಗೆ ಬಗ್ಗಿ ನೋಡಿದರು. "ಅವತ್ತು ಬೇಡ ಅಂದೋನು ನಾನೇ" ಅಂದರು. ಆಮೇಲೆ, "ಕಡಲಲ್ಲಿ ಉಳೀತು ಅಂತ ಬರಿ. ಅದು ಸುಳ್ಳಲ್ಲ" ಅಂದರು. ಹಾಗೇ ಬರೆದೆ.

ಒತ್ತುವ ಮೊದಲು ಒಂದು ಟಿಕ್ ಕೇಳಿಸಿಕೊಂಡೆ. ಒತ್ತಿದೆ. ಮುಂದಿನ ನಿಮಿಷ ಏನೂ ಕೇಳಿಸಲಿಲ್ಲ. ಅದರ ಮುಂದಿನ ನಿಮಿಷವೂ ಇಲ್ಲ. ಕ್ಲೆಮೆಂತೆ ಎದ್ದು ಹೊರಗೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತ. ನಾನು ಅಳುತ್ತೇನೆ ಅಂದುಕೊಂಡಿದ್ದೆ, ಅಳು ಬರಲಿಲ್ಲ. ಬಂದದ್ದು ರಾತ್ರಿ, ಮನೆಯಲ್ಲಿ, ಈರುಳ್ಳಿ ಹೆಚ್ಚುವಾಗ.

ನಿನ್ನ ಮೇಲೆ ಸಿಟ್ಟಿಲ್ಲ. ಬೇಕಿದ್ದೆ ನೀನು, ಬರಲಿಲ್ಲ, ಅದರ ನೋವು ಇದೆ. ಮೂರು ವರ್ಷದ ಹಿಂದೆ ಆಡಿದ ಮಾತಿಗೆ ಈಗ ಹೆದರಿ ಅರ್ಧ ದಾರಿಯಿಂದ ಓಡಿಹೋದೆಯಲ್ಲ ಪೆದ್ದಿ, ಆಡಿದ್ದರೆ ಇನ್ನೊಂದು ಬುರುಡೆ ಎಸೆಯುತ್ತಿದ್ದೆ, ಅಷ್ಟೇ ತಾನೇ? ಬುರುಡೆ ನಾಲ್ಕು ಕಾಸಿಗೆ ಸಿಗುತ್ತದೆ.

ಮುಂದಿನ ಶನಿವಾರವೂ ಬಸ್ಸಿದೆ.

ನಿನ್ನ ಅಕ್ಕ
ಮಿರ್ತಾ